ಅಳತೆ ಬ್ಲೌಸಿನ ವೆಬ್‌ಸೈಟ್

ನನ್ನ ಚಿಕ್ಕಮ್ಮ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದಾಗ ಅಲ್ಲಿನ ಅರ್ಧ ಹೆಂಗಸರಿಗೆ ಬ್ಲೌಸ್ ಹೊಲಿದವಳು. ಶಿವಮೊಗ್ಗದ ಗೋಪಾಳಕ್ಕೆ ಮನೆ ಬದಲಾಯಿಸಿದ ಮೇಲೆ ಹೊಲಿಗೆ ಮಿಷನ್ನು ಜೊತೆಗೆ ಬಂತು, ಗಿರಾಕಿಗಳು ಅಲ್ಲೇ ಉಳಿದರು. ಅದೇ ಹೊತ್ತಿಗೆ ಸವಳಂಗ ರಸ್ತೆಯ ಬೊಟೀಕಿನಾಕೆ ಕರೆಯತೊಡಗಿದಳು: "ಬನ್ನಿ ಆಂಟೀ, ನಮ್ಮಲ್ಲೇ ಕೂತು ಹೊಲೀರಿ." ಆ 'ಆಂಟೀ'ಯನ್ನು ನಾನು ಮೂಗಿನಲ್ಲಿ ಎಳೆದು ತೋರಿಸಿದರೆ ಮನೆಯವರೆಲ್ಲ ನಗುತ್ತಿದ್ದರು. ಚಿಕ್ಕಮ್ಮ ನಗುತ್ತಿರಲಿಲ್ಲ. ದೀಪಾವಳಿಯೊಳಗೆ ಹಳೇ ಗಿರಾಕಿಗಳು ವಾಪಸ್ ಬರದಿದ್ದರೆ ಸ್ವಂತ ಬೋರ್ಡು ಇಳಿಸಿ ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿಬಿಟ್ಟಿದ್ದಳು.

"ವೆಬ್‌ಸೈಟ್ ಮಾಡ್ಕೊಡ್ತೀನಿ, ತಡಿ," ಅಂದೆ.

ವೆಬ್ ಡಿಸೈನ್ ನನ್ನ ಹೊಟ್ಟೆಪಾಡು. ವಿದ್ಯಾನಗರದ ಸಣ್ಣ ಆಫೀಸಿನಲ್ಲಿ ಕೂತು, ಬಳಸುವವರೇ ದೇವರು ಎಂದು ಬಂದವರಿಗೆಲ್ಲ ಗಂಟಲು ದಪ್ಪ ಮಾಡಿಕೊಂಡು ಹೇಳುವವನು. ಆ ದೇವರುಗಳಲ್ಲಿ ಒಬ್ಬರನ್ನೂ ಕೇಳದೆ ಸೈಟ್ ಕಟ್ಟಿದೆ. ಎದೆ, ಸೊಂಟ, ಭುಜ, ತೋಳು, ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ, ಪ್ರತಿಯೊಂದಕ್ಕೂ ಇಂಚು ತುಂಬುವ ಚೌಕ. ಚಿಕ್ಕಮ್ಮನೂ ದೊಡ್ಡ ಬೊಟೀಕಿನ ಗತ್ತಿನಲ್ಲಿ, "ಕಂಕುಳು ಬಿಟ್ಟಿದೀಯಲ್ಲ ಮಾರಾಯ, ಹಾಕು," ಎಂದು ಇನ್ನಷ್ಟು ಸೇರಿಸಿದಳು. ಸೈಟ್ ಮದುಮಗಳ ಹಾಗೆ ಕಾಣುತ್ತಿತ್ತು. ಭದ್ರಾವತಿಯ ಗಿರಾಕಿಗಳಿಗೆಲ್ಲ ಲಿಂಕ್ ಕಳಿಸಿದೆವು, ಎಲ್ಲರೂ ತೆರೆದು ನೋಡಿದರು. ಯಾರೂ ಆರ್ಡರ್ ಕೊಡಲಿಲ್ಲ.

ಒಂದು ಭಾನುವಾರ ಭದ್ರಾವತಿಗೆ ಹೋದೆ. ಚಿಕ್ಕಮ್ಮನ ಹಳೇ ಗಿರಾಕಿ, ಮನೆಯಲ್ಲಿ ತಮಿಳು ಮಾತಾಡುವ ಹಿರಿಯ ಹೆಂಗಸೊಬ್ಬರ ಫೋನಿನಲ್ಲಿ ಸೈಟ್ ತೆಗೆದುಕೊಟ್ಟು, "ಒಂದು ಬ್ಲೌಸ್ ಆರ್ಡರ್ ಮಾಡಿ, ನಾನು ಏನೂ ಹೇಳ್ಕೊಡಲ್ಲ," ಅಂದೆ. ಬಳಸುವವರು ಬಳಸುವಾಗ ಡಿಸೈನರ್ ಬಾಯಿ ಮುಚ್ಚಿಕೊಂಡು ನೋಡಬೇಕು ಎಂಬುದು ನಮ್ಮ ಕಸುಬಿನ ನಿಯಮ. ನನ್ನಂಥವನಿಗೆ ಅದು ಉಪವಾಸಕ್ಕಿಂತ ಕಷ್ಟ.

ಅವರು ಬಣ್ಣ ಮೆಚ್ಚಿದರು, ಕುತ್ತಿಗೆಯ ಡಿಸೈನ್ ಆರಿಸಿದರು, ಇಂಚಿನ ಚೌಕಗಳ ಹತ್ತಿರ ಬಂದು ನಿಂತರು. ಫೋನನ್ನು ಮಂಚದ ಮೇಲಿಟ್ಟು ಎದ್ದುಹೋಗಿ, ಬೀರುವಿನಿಂದ ಹಳೇ ಬ್ಲೌಸೊಂದನ್ನು ತಂದರು.

"ಇದನ್ನ ಎಲ್ಲಿ ಹಾಕೋದು ತಂಬಿ?"

"ಅದನ್ನ ಹಾಕೋಕಾಗಲ್ಲ. ಅಳತೆ ಬರೀಬೇಕು."

"ಅಳತೆ ತಾನೇ ಇದು? ನಿನ್ನ ಚಿಕ್ಕಮ್ಮ ಯಾವತ್ತಾದ್ರೂ ನನಗೆ ಟೇಪ್ ಹಿಡಿದಿದ್ದಾಳಾ? ಇದನ್ನ ಕೊಟ್ಟು, ತೋಳು ಒಂದು ಬೆರಳು ಉದ್ದ ಇರಲಿ ಅಂದ್ರೆ ಮುಗೀತು. ಇಂಚು ಬರೆದು, ನಾನು ದಪ್ಪ ಆಗಿದೀನಿ ಅಂತ ಊರಿಗೆಲ್ಲ ಹೇಳ್ಬೇಕಾ?"

ಮನೆಗೆ ಬಂದು ಇದಿಷ್ಟನ್ನೂ ಅವರದೇ ದನಿಯಲ್ಲಿ, ಟವೆಲನ್ನೇ ಬ್ಲೌಸ್ ಮಾಡಿಕೊಂಡು ಆಡಿ ತೋರಿಸಿದೆ. ಚಿಕ್ಕಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹೌದಲ್ವಾ, ನನ್ನ ಬ್ಲೌಸಿಗೂ ನಾನು ಅಳತೆ ಬ್ಲೌಸೇ ಇಟ್ಕೊಳ್ಳೋದು. ನಿನ್ನ ಲ್ಯಾಪ್‌ಟಾಪ್ ನೋಡಿ ನಂಗೂ ತಲೆ ಕೆಟ್ಟಿತ್ತು ನೋಡು."

ಚೌಕಗಳೆಲ್ಲ ಹೋದವು. ಒಂದು ದಪ್ಪ ಬಟನ್ ಬಂತು: 'ಅಳತೆ ಬ್ಲೌಸ್ ಕೊಡ್ತೀನಿ.' ಅದರ ಕೆಳಗೆ ಮೈಕಿನ ಚಿತ್ರ: 'ಏನು ಬದಲಾಗಬೇಕು, ಹೇಳಿ.' ಕೆಲಸಕ್ಕೆಂದು ದಿನಾ ಭದ್ರಾವತಿಗೆ ಹೋಗಿಬರುವ ಚಿಕ್ಕಪ್ಪ ಬ್ಲೌಸುಗಳನ್ನು ತರುವುದೆಂದಾಯಿತು.

"ಬಸ್ಸಲ್ಲಿ ಚೀಲ ಹರಿದ್ರೆ ನನ್ನ ಮಾನ ಏನಾಗ್ಬೇಕು?" ಅಂದರು ಅವರು.

"ಮುಚ್ಕೊಳ್ಳೋಕೆ ಬೇಕಾದಷ್ಟು ಬಟ್ಟೆ ಇರುತ್ತಲ್ಲ ಚಿಕ್ಕಪ್ಪ."

ಮೊದಲ ಆರ್ಡರ್ ನನ್ನನ್ನು 'ತಂಬಿ' ಎಂದವರದ್ದೇ. ಆಮೇಲೆ ಅವರ ಪಕ್ಕದ ಮನೆಯವರು, ಅವರ ಸೊಸೆ, ಸೊಸೆಯ ಗೆಳತಿಯರು. "ಹಿಂದೆ ಕುತ್ತಿಗೆ ಇಳಿಸಿ ಅಕ್ಕಾ, ನಮ್ಮತ್ತೆಗೆ ಗೊತ್ತಾಗದಷ್ಟು," ಎಂದು ಪಿಸುಗುಟ್ಟಿದ ಸಂದೇಶವೂ ಬಂತು. ಚಿಕ್ಕಪ್ಪನ ಚೀಲ ದಿನದಿನಕ್ಕೂ ಉಬ್ಬುತ್ತಾ ಹೋಯಿತು.

ದೀಪಾವಳಿ ಹತ್ತಿರವಾದಾಗ ಬೊಟೀಕಿನಾಕೆ ಮತ್ತೆ ಫೋನ್ ಮಾಡಿದಳು. ಚಿಕ್ಕಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದಿಟ್ಟು, ನಮಗೆಲ್ಲ ಕೇಳಲೆಂದೇ ಸ್ಪೀಕರ್ ಹಾಕಿದಳು.

"ಬರೋಕಾಗಲ್ಲಮ್ಮ, ಕೈ ತುಂಬಾ ಕೆಲಸ ಇದೆ. ನಿಂಗೇನಾದ್ರೂ ಹೊಲಿಸ್ಬೇಕಿದ್ರೆ ಸೈಟಲ್ಲಿ ಹೇಳು. ಹಬ್ಬಕ್ಕೆ ಮಾತ್ರ ಆಗಲ್ಲ, ಆಮೇಲೆ ಕೊಡ್ತೀನಿ."

ಅತ್ತ ಕಡೆಯಿಂದ ಆಕೆ ಇನ್ನೂ ಏನೋ ಹೇಳುತ್ತಿದ್ದಳು. ಚಿಕ್ಕಮ್ಮ ಆಗಲೇ ತುಳಿಯತೊಡಗಿದ್ದ ಮಿಷನ್ನಿನ ಸದ್ದಿನಲ್ಲಿ ನಮಗ್ಯಾರಿಗೂ ಕೇಳಿಸಲಿಲ್ಲ.