ಅವರೆಯ ಹೊಲದಲ್ಲಿ ಚರಗ

೧೯೮೫ನೆಯ ಇಸವಿ, ಆಗ ನನಗೆ ನಲವತ್ತಾರು ವರ್ಷ. ಬಸವೇಶ್ವರನಗರದ ಬಾಡಿಗೆ ಮನೆಗೆ ಬಂದ ಮೊದಲ ಸಂಜೆ, ಸೂರ್ಯನು ಯಾವ ಕಡೆಗೆ ಮುಳುಗಿದನೆಂಬುದೇ ನನಗೆ ತಿಳಿಯಲಿಲ್ಲ. ನಮ್ಮೂರು ನವಲಗುಂದದ ಎರೆಭೂಮಿಯಲ್ಲಿ ಬಾಗಿಲಿಗೆ ಬಂದು ನಿಂತವನ ದೃಷ್ಟಿಯು ಮುಗಿಲಿನ ಅಂಚಿನವರೆಗೆ ಓಡುತ್ತದೆ. ಇಲ್ಲಿ ಅದು ಎದುರುಮನೆಯ ಗೋಡೆಗೆ ತಾಗಿ ಹಿಂದಿರುಗಿತು. ಖಾಲಿ ನೆಲವನ್ನು ಇಲ್ಲಿಯವರು ‘ಸೈಟು’ ಎನ್ನುತ್ತಾರೆ, ಅಂದರೆ ಮುಂದೆ ಮನೆಯಾಗಲಿರುವ ಜಾಗ.

ಶಾಲೆಯ ಮಾಸ್ತರಿಕೆಯನ್ನು ಬಿಟ್ಟು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದ ನನಗೆ ಹೇಗೋ ಹೊತ್ತು ಹೋಗುತ್ತಿತ್ತು. ನನ್ನ ಪತ್ನಿ ಗಂಗವ್ವನಿಗೆ ಊಟ ಸೇರದು, ನಿದ್ರೆ ಬಾರದು. ವೈದ್ಯರು ರೋಗವೇನೂ ಇಲ್ಲವೆಂದು ಟಾನಿಕ್ ಕೊಟ್ಟರು.

“ಮಣ್ಣಿನ ವಾಸನಿನ ಇಲ್ರಿ ಈ ಊರಾಗ,” ಎಂದಳು ಅವಳು. “ಎಳ್ಳಮಾಸಿ ತನಕ ನೋಡತೇನಿ. ಆಮ್ಯಾಲ ನಾ ಹೋಗಾಕಿ. ನೀವು ಬರ್ರಿ, ಬಿಡ್ರಿ.”

ಎಳ್ಳಮಾವಾಸ್ಯೆಯೂ ಬಂದಿತು. ರೊಟ್ಟಿ, ಕಡಬು, ಪುಂಡಿಪಲ್ಯಗಳ ಬುತ್ತಿಯೊಡನೆ ಬಸ್ಸು ಹಿಡಿದು, ಹೊಲಗಳಿದ್ದ ಊರಾಚೆಯ ಬ್ಯಾಡರಹಳ್ಳಿಯಲ್ಲಿ ಇಳಿದೆವು. ಆ ದಿನ ಹೊಲವು ಯಾರದೆಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ, ನಾವೂ ಕೇಳಲಿಲ್ಲ. ಗಂಗವ್ವ ಅವರೆಯ ಸಾಲುಗಳ ನಡುವೆ ಬುತ್ತಿಯ ತುತ್ತುಗಳನ್ನು ಚರಗವೆಂದು ನೆಲಕ್ಕೆ ಚೆಲ್ಲುತ್ತ, ವಾಡಿಕೆಯಂತೆ “ಹುಲ್ಲುಲ್ಲಿಗೋ!” ಎಂದು ಕೂಗಿದಳು.

“ಯಾರ್ರೀ ಅದು?” ಕುಡುಗೋಲು ಹಿಡಿದ ಮುದುಕಿಯೊಬ್ಬಳು ಓಡಿಬಂದಳು. “ಅಮಾಸೆ ದಿನ ನಮ್ ಹೊಲಕ್ಕೆ ಮಾಟ ಮಾಡಕ್ ಬಂದಿದೀರಾ?”

“ಮಾಟ ಅಲ್ರಿ ಯವ್ವಾ, ಭೂಮಿತಾಯಿಗೆ ಉಣಸಾಕತ್ತೇನಿ.”

“ಹಂಗಾದ್ರೆ ಮೊದ್ಲು ನೀವ್ ತಿನ್ನಿ, ನೋಡಾಣ! ಯಜಮಾನ್ರೇ, ನೀವೂವೆ!”

ಬದುವಿನ ಮೇಲೆ ಕುಳಿತು ತಿಂದು ತೋರಿಸಿದೆವು. ಬಹುದಿನಗಳ ಮೇಲೆ ಗಂಗವ್ವ ಎರಡನೆಯ ರೊಟ್ಟಿಗೆ ಕೈಹಾಕಿದಳು. ಮುದುಕಿ ತಾನೂ ಒಂದು ಚೂರು ಮುರಿದಳು.

“ಇದೇನವ್ವ, ಹಪ್ಳ ಇದ್ದಂಗೈತೆ! ನಿಮ್ಮೂರಲ್ಲಿ ಮುದ್ದೆ ಮಾಡಲ್ವಾ?”

“ನುಂಗೂದು ನಮಗ ಬರೂದಿಲ್ಲಬೇ,” ಎಂದು ಗಂಗವ್ವ ನಕ್ಕಳು.

ಇಬ್ಬರೂ ಸಂಜೆಯವರೆಗೆ ಅವರೆಕಾಯಿ ಕಿತ್ತರು. ಕಾಯಿಯ ಜಿಡ್ಡು ಕೈಗೆ ಅಂಟಿ ಘಮಘಮಿಸುತ್ತದೆ. ಅದಕ್ಕೆ ಇಲ್ಲಿ ‘ಸೊಗಡು’ ಎಂಬ ಹೆಸರು. ಆ ಕೈಗಳನ್ನು ಮೂಸುತ್ತಲೇ ಅವಳು ಬಸ್ಸಿನಲ್ಲಿ ನನ್ನ ಭುಜಕ್ಕೊರಗಿ ನಿದ್ದೆಹೋದಳು. ಟಾನಿಕ್ಕಿಗೆ ಬಾರದ ನಿದ್ರೆಯು ಮಣ್ಣು ಮೆತ್ತಿದ ಬೆರಳುಗಳಿಗೆ ಹೇಗೆ ಬಂದಿತೆಂಬ ಕುತೂಹಲ ನನಗೆ ಇಂದಿಗೂ ಇದೆ.

ನಮ್ಮ ನಿಲ್ದಾಣದಲ್ಲಿ ಎಬ್ಬಿಸಿದಾಗ ಅವಳೆಂದಳು: “ಊರಿಗೆ ಹೋಗೂದು ಇರ್ಲಿ ಬಿಡ್ರಿ. ಬರೂ ಆಯ್ತಾರ ಬರ್ತೇನಂತ ಆ ಯವ್ವಗ ಹೇಳೇನಿ.”

ಈಗ ಅವಳು ‘ನಮ್ಮ ಹೊಲ’ ಎಂದಾಗಲೆಲ್ಲ, ಯಾವುದು, ನವಲಗುಂದದ್ದೋ ಬ್ಯಾಡರಹಳ್ಳಿಯದೋ ಎಂದು ನಾನು ಕೇಳಬೇಕಾಗುತ್ತದೆ. ಒಮ್ಮೊಮ್ಮೆ ಅವಳೂ ತುಸು ಯೋಚಿಸಿಯೇ ಉತ್ತರಿಸುತ್ತಾಳೆ. ನಾವು ಇಲ್ಲಿಯೇ ಉಳಿಯುವುದೆಂದು ತೀರ್ಮಾನವಾದದ್ದು ಆ ಎಳ್ಳಮಾವಾಸ್ಯೆಯಂದೇ, ೧೯೮೬ನೆಯ ಇಸವಿಯ ಜನವರಿ ೧೦, ಶುಕ್ರವಾರ.