ಮುಗ್ಗಲು ಜೋಳಕ್ಕೆ ಬೇಡ ಅಂದ ಗೋದಾಮಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಗೋದಾಮಿನ ಬಾಗಿಲು ತೆರೆದ ಹೆಂಗಸು ಒಳಗೆ ಕಾಲಿಟ್ಟು, ದೀಪ ಹಾಕುವ ಮೊದಲೇ ನಿಂತಲ್ಲಿಂದ ಒಮ್ಮೆ ಮೂಸುತ್ತಾರೆ. ಆಮೇಲೆ ಒಂದು ಚೀಲದ ಬಾಯಿ ಬಿಚ್ಚಿ ಮೆಕ್ಕೆಜೋಳದೊಳಗೆ ಮೊಣಕೈವರೆಗೂ ಕೈ ಇಳಿಸುತ್ತಾರೆ. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ ಒಳಗೆ ಕಾಳು ಬೆವರಿದೆ, ಬೂಸ್ಟು ಹಿಡಿಯಲು ತಡವಿಲ್ಲ ಎಂದರ್ಥ. ಪಕ್ಕದ ಶೆಡ್ಡುಗಳಲ್ಲಿ ಹಸಿದ ಕೋಳಿಗಳು ಆಗಲೇ ಗದ್ದಲ ಎಬ್ಬಿಸಿವೆ.

ಈ ಮೊಟ್ಟೆಕೋಳಿ ಫಾರಮ್ಮಿನಲ್ಲಿ ಆಕೆ ಎಲ್ಲರಿಗೂ ಗೋದಾಮಕ್ಕ. ಮದುವೆಯಾದ ಮರುವರ್ಷ ಇಲ್ಲಿಗೆ ಬಂದವರು, ಈಗ ಮೊಮ್ಮಗಳನ್ನು ಎತ್ತಿ ಆಡಿಸುವ ವಯಸ್ಸು. ಚೀಲಗಳನ್ನು ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಪೇರಿಸುವುದು, ಮೊದಲು ಬಂದದ್ದನ್ನು ಮೊದಲು ಖರ್ಚು ಮಾಡಿಸುವುದು, ಜೋಳ, ಹಿಂಡಿ, ಚಿಪ್ಪಿನ ಪುಡಿ ಹದವಾಗಿ ಬೆರೆಸುವುದು ಅವರ ಕೆಲಸ. ದೂಳು ಕುಡಿದು ಕುಡಿದು ಕೆಮ್ಮು ಮನೆಯವಳಂತೆ ಜೊತೆಯಲ್ಲೇ ಉಳಿದಿದೆ. ನಿಮ್ಮ ಕೆಲಸದ ಬಗ್ಗೆ ಬರೆಯಬೇಕು ಎಂದು ನಾನು ಅಂದಾಗ ನಕ್ಕರು. “ಕೋಳಿ ತಿನ್ನೋರು ಬೇಕಾದಷ್ಟು ಜನ ಇದಾರೆ. ಕೋಳಿ ಏನು ತಿನ್ನುತ್ತೆ ಅಂತ ಕೇಳಿದೋರು ನೀವೇ ಮೊದಲು.”

ಆ ನಗು ಅಲ್ಲಿಗೇ ಮುಗಿಯುತ್ತದೆ. ಉಳಿದದ್ದನ್ನು ಅವರು ಚೀಲ ಹೊಲಿಯುತ್ತಾ, ನನ್ನ ಮುಖ ನೋಡದೆ ಹೇಳುತ್ತಾರೆ.

ಹಿಂದಿನ ಮಳೆಗಾಲದಲ್ಲಿ ಸೂರಿನ ತಗಡು ತೂತಾಗಿ ಒಂದು ಮೂಲೆಯ ಚೀಲಗಳು ನೆನೆದವು. ಬಿಚ್ಚಿ ನೋಡಿದರೆ ಕಾಳು ಗಂಟುಗಂಟಾಗಿ ಹಸಿರು ಬೂಸ್ಟು. ತಗಡಿನ ವಿಷಯವನ್ನು ಅವರು ಬೇಸಿಗೆಯಲ್ಲೇ ಮ್ಯಾನೇಜರ್ ಕಿವಿಗೆ ಹಾಕಿದ್ದರು. ಈಗ ಕೆಟ್ಟ ಚೀಲಗಳನ್ನು ಬೇರೆ ಎಳೆದು ಹಾಕಿ, ಗುಂಡಿಗೆ ಸುರಿಯಬೇಕು ಅಂದರು. ಗಂಟು ಒಡೆದು, ಬಿಸಿಲಿಗೆ ಹಾಕಿ, ಒಳ್ಳೆಯದರ ಜೊತೆ ಬೆರೆಸಿಬಿಡು ಎಂದು ಮ್ಯಾನೇಜರ್ ಹೇಳಿದ.

“ಬೂಸ್ಟು ಕೋಳಿಗೆ ವಿಷ ಅಂತ ಅವನಿಗೆ ಗೊತ್ತಿರಲಿಲ್ಲ ಅಂದ್ಕೋಬೇಡಿ. ‘ನಂಗೂ ಗೊತ್ತಮ್ಮಾ, ಆದ್ರೆ ಸಾಹುಕಾರ್ರಿಗೆ ಲೆಕ್ಕ ಒಪ್ಪಿಸೋನು ನಾನು’ ಅಂದ. ನನ್ನ ಕೈಯಲ್ಲಿ ಆಗಲ್ಲ ಅಂದೆ. ಬೇರೆಯವರ ಕೈಲಿ ಬೆರೆಸಿದ.”

ಕೋಳಿಗಳು ಮೊದಲು ತಿನ್ನುವುದು ಕಡಿಮೆ ಮಾಡಿದವು. ಆಮೇಲೆ ಮೊಟ್ಟೆಯ ಚಿಪ್ಪು ತೆಳುವಾಯಿತು, ಬೆರಳು ತಾಗಿದರೆ ಬಿರಿಯುವಷ್ಟು. ವಾರ ಕಳೆದ ಹಾಗೆ ಟ್ರೇಗಳು ತುಂಬುವುದೇ ನಿಂತಿತು. ಮೊಟ್ಟೆ ಎಲ್ಲಿ ಹೋಗುತ್ತಿದೆ ಎಂದು ಸಾಹುಕಾರರು ಕೂಗಾಡಿದಾಗ, ಕೋಳಿ ಇಡುತ್ತಿಲ್ಲ ಎನ್ನುವುದಕ್ಕಿಂತ ಯಾರೋ ಕದಿಯುತ್ತಿದ್ದಾರೆ ಎನ್ನುವುದು ಮ್ಯಾನೇಜರ್‌ಗೆ ಸುಲಭವಾಯಿತು. ಆ ಶೆಡ್ಡಿನಲ್ಲಿ ಮೊಟ್ಟೆ ಆರಿಸುತ್ತಿದ್ದವಳು ಗೋದಾಮಕ್ಕನ ಸ್ವಂತ ತಂಗಿ.

ಸಂಜೆ ಎಲ್ಲರೂ ಮನೆಗೆ ಹೊರಟಿದ್ದ ಹೊತ್ತು. ಗೇಟಿನಲ್ಲಿ ಅವಳನ್ನು ನಿಲ್ಲಿಸಿ ಬ್ಯಾಗು ಝಾಡಿಸಿದರು. ಊಟದ ಡಬ್ಬಿ ಬಿಚ್ಚಿದರು, ಸೆರಗು ಕೊಡವು ಅಂದರು. ಏನೂ ಸಿಗಲಿಲ್ಲ. ಸಿಗದಿದ್ದದ್ದೇ ಅವಳ ಚಾಲಾಕಿತನಕ್ಕೆ ಸಾಕ್ಷಿಯಾಯಿತು. ನಾಳೆಯಿಂದ ಬರಬೇಡ ಅಂದರು. ಗೋದಾಮಕ್ಕ ಓಡಿಹೋಗಿ, ಕಳ್ಳ ಇರುವುದು ಜೋಳದ ಚೀಲದಲ್ಲಿ, ಬಂದು ನೋಡಿ ಎಂದು ಸಾಹುಕಾರರನ್ನು ಅಂಗಲಾಚಿದರು. “ಒಡಹುಟ್ಟಿದವಳಲ್ವಾ, ನೀನು ಹಾಗೇ ಹೇಳ್ತೀಯ” ಅಂದು ಅವರು ಕಾರು ಹತ್ತಿದರು.

ಕೋಳಿಗಳು ಸಾಯತೊಡಗಿದ ಮೇಲೆ ಡಾಕ್ಟರು ಬಂದರು. ಸತ್ತದ್ದನ್ನು ಕೊಯ್ದು, ಊದಿಕೊಂಡ ಹಳದಿ ಲಿವರ್ ತೋರಿಸಿ, ಫೀಡ್ ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಅಂದೇ ಗುಂಡಿ ತೋಡಿಸಿ ಕೆಟ್ಟ ಜೋಳ ಹೂತರು. ಹೊಸ ತಗಡು ಬಂತು. ಮೊಟ್ಟೆ ನಿಧಾನಕ್ಕೆ ಏರಿತು, ಮುಂಚಿನಷ್ಟಲ್ಲ. ಫಾರಂ ಉಳಿಸಿದ್ದು ತಾನೇ ಎಂದು ಮ್ಯಾನೇಜರ್ ಈಗಲೂ ಹೇಳಿಕೊಂಡು ಓಡಾಡುತ್ತಾನೆ.

ತಂಗಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಗೋದಾಮಕ್ಕನೇ ಹೋಗಿ ಕೇಳಿದಾಗ, ಬೇಕಿದ್ದರೆ ಬರಲಿ ಬಿಡು ಅಂದರಂತೆ ಸಾಹುಕಾರರು. ಅವಳು ಬರಲಿಲ್ಲ. ಅವಳ ಓಣಿಯಲ್ಲಿ ಅವಳು ಇಂದಿಗೂ ಮೊಟ್ಟೆಕಳ್ಳಿ. ಅಕ್ಕನ ಜೊತೆಗೂ ಮಾತು ಬಿಟ್ಟಿದ್ದಾಳೆ. “‘ನನ್ನ ಸೆರಗು ಕೊಡವಿಸಿದೋರ ಸಂಬಳದಲ್ಲಿ ನಿಂಗೆ ಊಟ ಹೇಗೆ ಸೇರುತ್ತೆ’ ಅಂದ್ಲು. ಸೇರಲ್ಲ. ಆದ್ರೂ ತಿಂತೀನಿ. ನಾನೂ ಬಿಟ್ಟರೆ, ಈ ವಯಸ್ಸಿಗೆ ನನ್ನ ಯಾರು ಕೆಲಸಕ್ಕೆ ಕರೀತಾರೆ?”

ಹೊಲಿದ ಚೀಲವನ್ನು ಹಲಗೆಯ ಮೇಲೆ ಒರಗಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಇನ್ನೇನು ಆಸೆ ಇದೆ ಎಂದು ಕೇಳುತ್ತೇನೆ.

“ಅವಳು ಕದ್ದಿರಲಿಲ್ಲ ಅಂತ ಸಾಹುಕಾರ್ರು ಒಂದು ಸಲ ಬಾಯಿ ಬಿಟ್ಟು ಹೇಳಲಿ. ನಂಗೆ ಹೇಳೋದು ಬೇಡ, ನಂಗೆ ಗೊತ್ತು. ಸಂಜೆ ಎಲ್ಲರೂ ಮನೆಗೆ ಹೊರಡ್ತಾರಲ್ಲ, ಆ ಹೊತ್ತಲ್ಲಿ ಹೇಳಲಿ.”