ಸುಂದೊಕ್ ಅಕ್ಕ ಕಳಿಸಿದ ಎರಡು ಸಾವಿನ ಸುದ್ದಿ

ಗುನ್ಸಾನ್ ಪೇಟೆಯಲ್ಲಿ ಒಣಮೀನು ಮಾರುವ ಸುಂದೊಕ್ ಅಕ್ಕ ಯಾರ ಸಾವಿಗೂ ಹೋಗದೆ ಉಳಿದವಳಲ್ಲ. ಹೋದಲ್ಲಿ ಸುಮ್ಮನೆ ಕೂರುವವಳೂ ಅಲ್ಲ. ಅಂಗಿಯ ತೋಳು ಮಡಚಿ, ಬಂದವರಿಗೆಲ್ಲ ಖಾರದ ಮಾಂಸದ ಸಾರು ಬಡಿಸುತ್ತಿದ್ದಳು. ಅವಳ ಪಕ್ಕದ ಅಂಗಡಿಯಲ್ಲೇ ಕೋಸಿನ ಉಪ್ಪಿನಕಾಯಿ ಕಿಮ್ಚಿ ಮಾರುವವಳು ನಾನು. ನನ್ನ ಅಮ್ಮ ತೀರಿಕೊಂಡಾಗಲೂ ಅಷ್ಟೇ, ಕೊನೆಯ ಪಾತ್ರೆ ತೊಳೆದು ಎದ್ದವಳು ಅವಳು.

ಹೋದ ಚಳಿಗಾಲ ಅವಳ ಫೋನಿಗೆ ಹಳೆಯ ಗೆಳತಿಯ ಹೆಸರಲ್ಲಿ ಸಂದೇಶ ಬಂತು: ಅಮ್ಮ ತೀರಿಕೊಂಡರು, ವಿಳಾಸಕ್ಕೆ ಇಲ್ಲಿ ಒತ್ತಿ. ಸಾವಿನ ಮನೆಗೆ ಫೋನ್ ಮಾಡಿ ‘ನಿಜಾನಾ?’ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಒತ್ತಿದಳು. ಕಳ್ಳ ಆ್ಯಪ್ ಒಳಗೆ ಸೇರಿತು. ಮರುದಿನ ಅವಳ ನಂಬರಿನಿಂದಲೇ ಇಡೀ ಪೇಟೆಗೆ ಸುದ್ದಿ: ನನ್ನ ಗಂಡ ತೀರಿಕೊಂಡರು, ಇಲ್ಲಿ ಒತ್ತಿ. ನಾವೂ ಒತ್ತಿದೆವು. ಕಪ್ಪು ಬಟ್ಟೆ ತೊಟ್ಟು ಓಡಿದರೆ, ಅವಳ ಗಂಡ ತಾಕ್ ಭಾವ ಬಾಗಿಲಲ್ಲಿ ನಿಂತು ಸುಟ್ಟ ಗೆಣಸು ತಿನ್ನುತ್ತಿದ್ದರು.

“ನಾನ್ ಸತ್ರೆ ಇಷ್ಟೊಂದ್ ಜನ ಬರ್ತೀರಾ!” ಎಂದು ನಕ್ಕರು.

ನಮಗೆ ನಗು ಬರಲಿಲ್ಲ. ನಮ್ಮ ಫೋನುಗಳೂ ಕೆಟ್ಟು ಕೂತಿದ್ದವು. “ಮನುಷ್ಯರ ಥರ ಫೋನಿಗೂ ಲಸಿಕೆ ಬೇಕೇನಪ್ಪಾ?” ಎಂದು ಮೊಬೈಲ್ ಅಂಗಡಿಯ ಹುಡುಗ ಗು ಹತ್ತಿರ ಕೇಳಿದೆ.

“ಕಂಡಿದ್ದನ್ನೆಲ್ಲ ಒತ್ತದೆ ಇದ್ರೆ ಬೇಡ ಅಮ್ಮಾ. ಆದ್ರೆ ನಿಮ್ ಬೆರಳಿಗೆ ಹಾಕೋ ಲಸಿಕೆ ನನ್ ಹತ್ರ ಇಲ್ವಲ್ಲ!”

ಎಲ್ಲರೂ ವೈರಸ್ ತಡೆಯುವ ಆ್ಯಪ್ ಹಾಕಿಸಿಕೊಂಡೆವು. ಅಕ್ಕನ ನಂಬರಿಗೆ ‘ಅಪಾಯ’ ಎಂದು ಗುರುತು ಹಾಕಿಸಿದೆವು. ಹಾಕಿಸೋಣ ಎಂದು ಮೊದಲು ಬಾಯಿಬಿಟ್ಟವಳು ನಾನೇ. ಅಷ್ಟು ಸಾಲದೆ ದಿನಾ ಚುಚ್ಚುತ್ತಿದ್ದೆವು: “ಇವತ್ತು ಯಾರನ್ನ ಸಾಯಿಸ್ತೀಯಕ್ಕಾ?” ಅವಳು ತಲೆ ತಗ್ಗಿಸಿ ಮೀನು ಜೋಡಿಸುತ್ತಿದ್ದಳು.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವಳ ಸಂದೇಶ ಬಂತು. ಮೇಲೆ ಕೆಂಪಕ್ಷರ: ಅಪಾಯ, ತೆರೆಯಬೇಡಿ. ನಾನು ಓದದೆ ಅಳಿಸಿದೆ. ಅವಳ ಅಂಗಡಿಗೆ ಬೀಗ ಬಿದ್ದಿತ್ತು. ಮತ್ತೆ ಎಡವಟ್ಟು ಮಾಡಿಕೊಂಡು, ಮುಖ ತೋರಿಸಲಾರದೆ ಮನೆಯಲ್ಲಿ ಕೂತಿದ್ದಾಳೆ ಎಂದು ನಾವೆಲ್ಲ ಚಹಾ ಕುಡಿಯುತ್ತಾ ನಕ್ಕೆವು. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ.

ನಾಲ್ಕನೆಯ ದಿನ ಅಕ್ಕ ಬಂದಳು. ಕೂದಲಲ್ಲಿ ಸೂತಕದ ಬಿಳಿ ಪಟ್ಟಿ. ನಾನು ಎದ್ದು ಅವಳ ಹತ್ತಿರ ಓಡಿದೆ.

“ಭಾವ...?”

“ಮಲಗಿದ್ದೋರು ಏಳ್ಲಿಲ್ಲ. ಮಣ್ಣು ಮಾಡಿಯೂ ಆಯ್ತು. ಇಡೀ ಪೇಟೆಗೆ ಆಗೋವಷ್ಟು ಸಾರು ಮಾಡ್ಸಿದ್ದೆ. ನನ್ ತಮ್ಮ ಒಬ್ನೇ ಉಂಡ.”

“ಅಕ್ಕಾ, ಆ ಹಾಳು ಆ್ಯಪ್ ತಡೀತು. ಒಂದ್ ಫೋನಾದ್ರೂ ಮಾಡ್ಬಾರ್ದಿತ್ತಾ?”

ಅವಳು ಬೀಗ ತೆಗೆಯುತ್ತಿದ್ದ ಕೈ ನಿಲ್ಲಿಸಿ, ನನ್ನನ್ನು ನೆಟ್ಟಗೆ ನೋಡಿದಳು.

“ಆ್ಯಪ್ ನನ್ನ ಸಂದೇಶಾನ ತಡೀತು, ಸರಿ. ಪಕ್ಕದ ಅಂಗಡಿ ಬಾಗಿಲು ತೆರೀಲಿಲ್ಲ ಅನ್ನೋದು ನಿನ್ ಕಣ್ಣಿಗೆ ಬಿತ್ತಲ್ಲೇ? ನಮ್ಮನೆಗೆ ಎರಡ್ ಬೀದಿ ನಡ್ಕೊಂಡ್ ಬರೋದನ್ನ ಯಾರ್ ತಡೆದ್ರು?”